ಅಕ್ಷರದ ಅಳತೆ

ಒಂದು ಕಿಲೋಬೈಟಿನಲ್ಲಿ ಎಷ್ಟು ಅಕ್ಷರಗಳು ಹಿಡಿಸುತ್ತವೆ? ಗಣಕಯಂತ್ರದ ಪ್ರಾಥಮಿಕ ಪಾಠಗಳಲ್ಲಿ ಇದಕ್ಕೆ ಸುಲಭವಾದ ಉತ್ತರವಿರುತ್ತದೆ: ಒಂದು ಅಕ್ಷರಕ್ಕೆ ಒಂದು ಬೈಟು, ಆದುದರಿಂದ ಕಿಲೋಬೈಟಿಗೆ ಸಾವಿರದಷ್ಟು ಅಕ್ಷರಗಳು. ಆದರೆ ‘ಕ್ರಿಸ್ತ’ ಎಂಬ ಪದವನ್ನು ಕನ್ನಡದಲ್ಲಿ ಬರೆದು ಗಣಕದಲ್ಲಿ ಉಳಿಸಿ, ಅದು ಎಷ್ಟು ಸ್ಥಳವನ್ನು ಪಡೆಯಿತೆಂದು ಪರೀಕ್ಷಿಸಿದರೆ ಈ ಪಾಠ ಅಲ್ಲಿಯೇ ಮುರಿದುಬೀಳುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಎರಡೇ ಅಕ್ಷರ. ಯಂತ್ರದ ಲೆಕ್ಕದಲ್ಲಿ ಅದು 21 ಬೈಟು. ಇಂಗ್ಲಿಷಿನಲ್ಲಿ ಬರೆದರೆ ಅದೇ ನಾಮಕ್ಕೆ ಆರು ಅಕ್ಷರ, ಆರೇ ಬೈಟು.

ಕಡಿಮೆ ಅಕ್ಷರಗಳಲ್ಲಿ ಬರೆಯುವ ನಮ್ಮ ಲಿಪಿ ಯಂತ್ರದಲ್ಲಿ ಮೂರೂವರೆ ಪಟ್ಟು ಭಾರವಾದುದು ಹೇಗೆ? ಇದರ ಉತ್ತರ ಯಂತ್ರಶಾಸ್ತ್ರದಲ್ಲಿರುವುದಕ್ಕಿಂತ ಹೆಚ್ಚಾಗಿ ಚರಿತ್ರೆಯಲ್ಲಿದೆ. ಅಳತೆಗೋಲೆಂಬುದು ಆಕಾಶದಿಂದ ಇಳಿದು ಬರುವುದಿಲ್ಲ. ಯಾರೋ ಒಬ್ಬರು, ಯಾವುದೋ ಒಂದು ಕಾಲದಲ್ಲಿ, ತಮ್ಮ ಕಣ್ಣೆದುರಿಗಿದ್ದ ವಸ್ತುವಿಗೆ ತಕ್ಕಂತೆ ಅದನ್ನು ಕೊಯ್ದಿರುತ್ತಾರೆ. ಬರಹವನ್ನು ಅಳೆಯುವ ಕೋಲುಗಳೂ ಹಾಗೆಯೇ ಹುಟ್ಟಿದವು.

ಬರಹವನ್ನು ಎಣಿಸುವ ಕೆಲಸ ಗಣಕಯಂತ್ರಕ್ಕಿಂತ ಎಷ್ಟೋ ಪುರಾತನವಾದುದು. ಹೀಬ್ರೂ ಭಾಷೆಯಲ್ಲಿ ಲಿಪಿಕಾರನಿಗಿರುವ ಹೆಸರು ‘ಸೋಫೇರ್’. ಆ ಶಬ್ದದ ಧಾತುವಿಗೆ ಎಣಿಸುವುದು ಎಂಬ ಅರ್ಥವೂ ಉಂಟು. ಹಿಂದಿನವರು ಧರ್ಮಶಾಸ್ತ್ರದ ಅಕ್ಷರಗಳನ್ನೆಲ್ಲ ಎಣಿಸುತ್ತಿದ್ದುದರಿಂದಲೇ ಅವರಿಗೆ ಆ ಹೆಸರು ಬಂತೆಂದು ಯೆಹೂದ್ಯರ ತಾಲ್ಮುದ್ ವಿವರಿಸುತ್ತದೆ. ಯಾಜಕಕಾಂಡದ 11ನೆಯ ಅಧ್ಯಾಯದ 42ನೆಯ ವಚನದಲ್ಲಿರುವ ಒಂದು ಅಕ್ಷರವನ್ನು ಇಡೀ ಪಂಚಗ್ರಂಥಗಳ ನಟ್ಟನಡುವಿನ ಅಕ್ಷರವೆಂದು ಅವರು ಗುರುತಿಸಿದ್ದರು. ಪಂಚಗ್ರಂಥಗಳ ಒಟ್ಟು ಅಕ್ಷರಗಳು 3,04,805 ಎಂಬುದು ಇಂದಿಗೂ ಆ ಸಮುದಾಯದಲ್ಲಿ ಪ್ರಚಲಿತವಾಗಿರುವ ಸಂಖ್ಯೆ. ಈ ಎಣಿಕೆ ವ್ಯರ್ಥ ಕುತೂಹಲವಾಗಿರಲಿಲ್ಲ. ಕೈಯಿಂದ ಪ್ರತಿ ಮಾಡುವಾಗ ಒಂದಕ್ಷರ ಬಿಟ್ಟುಹೋದರೂ, ಒಂದಕ್ಷರ ಹೆಚ್ಚಾದರೂ ಲೆಕ್ಕ ತಪ್ಪುತ್ತದೆ, ತಪ್ಪು ಹೊರಬೀಳುತ್ತದೆ. ಇಂದು ಒಂದು ಕಡತ ಒಂದು ಯಂತ್ರದಿಂದ ಮತ್ತೊಂದಕ್ಕೆ ಸಾಗುವಾಗ ನಡೆಯುವ ತಾಳೆನೋಟದ ತತ್ತ್ವವೂ ಇದೇ.

ಗ್ರೀಕರ ಎಣಿಕೆಗೆ ಬೇರೊಂದು ಕಾರಣವಿತ್ತು: ಕೂಲಿ. ಅವರ ಮಾನದ ಹೆಸರು ‘ಸ್ಟಿಖೋಸ್’, ಅಂದರೆ ಸಾಲು. ಹಾಳೆಯ ಅಗಲಕ್ಕೆ ತಕ್ಕಂತೆ ಹಿಗ್ಗುವ ಕುಗ್ಗುವ ಸಾಲಲ್ಲ ಅದು. ಹೋಮರನ ಕಾವ್ಯದ ಒಂದು ಪಂಕ್ತಿಯ ಉದ್ದ, ಸುಮಾರು ಹದಿನಾರು ಉಚ್ಚಾರಾಂಶಗಳು, ಒಂದು ಸಾಲೆಂದು ಗಣನೆಯಾಗುತ್ತಿತ್ತು. ಕ್ರಿ.ಶ. 301ರಲ್ಲಿ ರೋಮ್ ಚಕ್ರವರ್ತಿ ಡಯೋಕ್ಲೀಷಿಯನ್ ಬೆಲೆಗಳನ್ನು ಹತೋಟಿಯಲ್ಲಿಡಲು ಹೊರಡಿಸಿದ ಪ್ರಸಿದ್ಧ ಶಾಸನದಲ್ಲಿ ಲಿಪಿಕಾರರ ಕೂಲಿಯೂ ನಿಗದಿಯಾಗಿದೆ: ಉತ್ತಮ ಬರಹದ ನೂರು ಸಾಲಿಗೆ 25 ದಿನಾರಿ, ಎರಡನೆಯ ದರ್ಜೆಯ ಬರಹದ ನೂರು ಸಾಲಿಗೆ 20. ಎರಡೇ ವರ್ಷಗಳಲ್ಲಿ ಕ್ರೈಸ್ತರ ಪವಿತ್ರ ಗ್ರಂಥಗಳನ್ನು ಸುಟ್ಟುಹಾಕುವಂತೆ ಆಜ್ಞೆ ಹೊರಡಿಸಿದವನೂ ಇದೇ ಚಕ್ರವರ್ತಿ ಎಂಬುದನ್ನು ಇಲ್ಲಿ ನೆನೆಯದೆ ಇರಲಾಗದು. ಗ್ರಂಥಗಳ ಬೆಲೆ ಎಷ್ಟೆಂಬುದು ಆತನಿಗೆ ಕಾಸಿನ ಲೆಕ್ಕದಲ್ಲಿ ತಿಳಿದೇ ಇತ್ತು.

ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ‘ಕ್ಲಾರೋಮೊಂಟಾನಸ್’ ಎಂಬ ಆರನೆಯ ಶತಮಾನದ ಹಸ್ತಪ್ರತಿಯೊಂದಿದೆ. ಸಂತ ಪೌಲರ ಪತ್ರಗಳಿರುವ ಈ ಪ್ರತಿಯ ನಡುವೆ ಪವಿತ್ರ ಗ್ರಂಥಗಳ ಒಂದು ಪಟ್ಟಿ ಸೇರಿಕೊಂಡಿದೆ. ಪ್ರತಿ ಪುಸ್ತಕದ ಎದುರಿಗೂ ಅದರ ಸಾಲುಗಳ ಸಂಖ್ಯೆಯಿದೆ: ಮತ್ತಾಯನ ಶುಭಸಂದೇಶಕ್ಕೆ 2,600, ಮಾರ್ಕನದಕ್ಕೆ 1,600. ಇವು ಒಂದರ್ಥದಲ್ಲಿ ಆ ಕಾಲದ ಕಡತದ ಗಾತ್ರಗಳು. ಪ್ರತಿ ಮಾಡಿಸಲು ಎಷ್ಟು ಚರ್ಮಪತ್ರ ಬೇಕು, ಎಷ್ಟು ಹಣ ಬೇಕು ಎಂಬುದನ್ನು ಪಟ್ಟಿ ನೋಡಿದೊಡನೆ ಹೇಳಬಹುದಾಗಿತ್ತು.

ನಮ್ಮ ನಾಡಿನಲ್ಲಿಯೂ ಇಂಥದೇ ಒಂದು ಮಾನವಿತ್ತು. ಮೂವತ್ತೆರಡು ಅಕ್ಷರಗಳ ಅನುಷ್ಟುಪ್ ಶ್ಲೋಕವನ್ನು ಒಂದು ಘಟಕವೆಂದು ಹಿಡಿದು ಅದಕ್ಕೆ ‘ಗ್ರಂಥ’ವೆಂದು ಹೆಸರಿಟ್ಟಿದ್ದರು. ಗದ್ಯವಾಗಲಿ ಪದ್ಯವಾಗಲಿ, ಅಕ್ಷರಗಳನ್ನು ಎಣಿಸಿ ಮೂವತ್ತೆರಡರಿಂದ ಭಾಗಿಸಿದರೆ ಕೃತಿಯ ಪ್ರಮಾಣ ಸಿಗುತ್ತಿತ್ತು. ಓಲೆಗರಿಯ ಲಿಪಿಕಾರನ ಶ್ರಮವನ್ನು ಅಳೆಯುವುದಕ್ಕೂ ಇದೇ ಗ್ರಂಥಸಂಖ್ಯೆ ನೆರವಾಗುತ್ತಿತ್ತು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳೆಯ ಕನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದ ‘ಧವಳಾ’ ಎಂಬ ಜೈನ ವ್ಯಾಖ್ಯಾನ ಗ್ರಂಥದ ಪ್ರಮಾಣ 72,000 ಶ್ಲೋಕಗಳೆಂದು ಪ್ರಸಿದ್ಧವಾಗಿದೆ. ಅದರ ಜೊತೆಗಿರುವ ‘ಜಯಧವಳಾ’ 60,000. ಅದರಲ್ಲಿ ಅಷ್ಟು ಶ್ಲೋಕಗಳಿವೆಯೆಂದು ಇದರ ಅರ್ಥವಲ್ಲ. ಅಷ್ಟು ಶ್ಲೋಕಗಳ ತೂಕದ ಬರಹವಿದೆ ಎಂದರ್ಥ. ಈ ಸಂಖ್ಯೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಅದನ್ನು ಬೈಟಿಗೆ ಪರಿವರ್ತಿಸುವ ಸಂದರ್ಭ ಮುಂದೆ ಬರುತ್ತದೆ.

ಗ್ರೀಕರ ಸಾಲು ಮತ್ತು ನಮ್ಮ ಗ್ರಂಥ, ಇವೆರಡರಲ್ಲಿಯೂ ಗಮನಿಸಬೇಕಾದ ಅಂಶವೊಂದಿದೆ. ಎರಡೂ ನಾಲಗೆಯನ್ನು ನಂಬಿದ ಅಳತೆಗಳು. ಒಂದೇ ಉಸಿರಿಗೆ ಹೊರಡುವ ಧ್ವನಿ ಒಂದು ಘಟಕ. ‘ಸ್ತ್ರೀ’ ಎಂಬುದರಲ್ಲಿ ಮೂರು ವ್ಯಂಜನಗಳೂ ಒಂದು ಸ್ವರವೂ ಸೇರಿದ್ದರೂ ಓಲೆಗರಿಯ ಲೆಕ್ಕದಲ್ಲಿ ಅದು ಒಂದೇ ಅಕ್ಷರ. ಒತ್ತಕ್ಷರಕ್ಕೆ ಹೆಚ್ಚಿನ ಸುಂಕವಿರಲಿಲ್ಲ.

ಅಚ್ಚಿನ ಮೊಳೆ ಬಂದಾಗ ಅಕ್ಷರಕ್ಕೆ ನಿಜವಾಗಿಯೂ ತೂಕ ಬಂತು. 1812ರ ಮಾರ್ಚ್ ತಿಂಗಳಲ್ಲಿ ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿ ಮತ್ತು ಅವರ ಸಂಗಡಿಗರ ಮುದ್ರಣಾಲಯಕ್ಕೆ ಬೆಂಕಿ ಬಿದ್ದು, ಅನೇಕ ಭಾರತೀಯ ಭಾಷೆಗಳ ಸೀಸದ ಮೊಳೆಗಳು ಕರಗಿ ನೆಲದ ಮೇಲೆ ಹರಿದವು. ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದ ಹಸ್ತಪ್ರತಿಗಳು ಬೂದಿಯಾದವು. ಕರಗಿದ ಲೋಹವನ್ನೇ ಬಳಿದು ತೆಗೆದು ಮತ್ತೆ ಮೊಳೆ ಎರಕ ಹೊಯ್ದರು. ಅದೇ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಹೊರಬಂತು. ರೋಮನ್ ಲಿಪಿಯ ಅಚ್ಚುಗಾರನಿಗೆ ದೊಡ್ಡಕ್ಷರ ಸಣ್ಣಕ್ಷರಗಳ ಎರಡು ಪೆಟ್ಟಿಗೆ ಸಾಕು. ಕನ್ನಡಕ್ಕಾದರೋ ಕಾಗುಣಿತ, ಒತ್ತು, ದೀರ್ಘಗಳೆಲ್ಲ ಸೇರಿ ನೂರಾರು ಮನೆಗಳ ಪೆಟ್ಟಿಗೆ ಬೇಕು. ಮಂಗಳೂರಿನಲ್ಲಿ 1841ರಲ್ಲಿ ಆರಂಭವಾದ ಬಾಸೆಲ್ ಮಿಶನ್ ಮುದ್ರಣಾಲಯ ಮೊದಲಿಗೆ ಕಲ್ಲಚ್ಚನ್ನು ಹಿಡಿದುದರಲ್ಲಿ ಒಂದು ಜಾಣತನವಿತ್ತು. ಕಲ್ಲಚ್ಚಿಗೆ ಮೊಳೆಗಳ ಹಂಗಿಲ್ಲ; ಕೈ ಬರೆದುದೇ ಅಚ್ಚು. ಹರ್ಮನ್ ಮೋಗ್ಲಿಂಗ್ ಅವರು 1843ರಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ ಹೊರಬಂದುದು ಹೀಗೆ ಕಲ್ಲಿನ ಮೇಲಿಂದಲೇ. ಕನ್ನಡದ ಮೊದಲ ವೃತ್ತಪತ್ರಿಕೆಯ ಒತ್ತಕ್ಷರಗಳು ಯಾರ ಪೆಟ್ಟಿಗೆಯನ್ನೂ ಕಾಯಬೇಕಾಗಲಿಲ್ಲ.

ಅಳತೆಯ ಕೋಲು ನಮ್ಮ ಕೈಯಿಂದ ಜಾರಿಹೋದುದು ತಂತಿಯ ಕಾಲದಲ್ಲಿ. 1844ರ ಮೇ 24ರಂದು ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್ಟನ್ ನಗರದಿಂದ ಬಾಲ್ಟಿಮೋರಿಗೆ ಕಳುಹಿಸಿದ ಪ್ರಸಿದ್ಧ ಸಂದೇಶ ಅರಣ್ಯಕಾಂಡದ 23ನೆಯ ಅಧ್ಯಾಯದಿಂದ ಆರಿಸಿದ ವಾಕ್ಯವಾಗಿತ್ತು. ಪವಿತ್ರ ಗ್ರಂಥದ ವಚನವೊಂದು ಚುಕ್ಕೆ ಗೆರೆಗಳಾಗಿ ತಂತಿಯ ಮೇಲೆ ಓಡಿತು. ಅಂದಿನಿಂದ ಅಕ್ಷರವೆಂದರೆ ಧ್ವನಿಯೂ ಅಲ್ಲ, ಆಕೃತಿಯೂ ಅಲ್ಲ. ವಿದ್ಯುತ್ತಿನ ಮಿಡಿತಗಳ ಒಂದು ಗುಂಪು. ಫ್ರಾನ್ಸಿನ ಎಮಿಲ್ ಬೋದೋ 1874ರಲ್ಲಿ ಹಕ್ಕುಪತ್ರ ಪಡೆದ ವ್ಯವಸ್ಥೆಯಲ್ಲಿ ಪ್ರತಿ ಅಕ್ಷರಕ್ಕೂ ಸಮನಾಗಿ ಐದೈದು ಮಿಡಿತಗಳು. ಮಿಡಿತ ಉಂಟು ಅಥವಾ ಇಲ್ಲ ಎಂಬ ಎರಡು ಸ್ಥಿತಿಗಳನ್ನು ಐದು ಬಾರಿ ಜೋಡಿಸಿದರೆ 32 ಬಗೆಗಳಾಗುತ್ತವೆ. ಇಪ್ಪತ್ತಾರು ಅಕ್ಷರಗಳ ವರ್ಣಮಾಲೆಗೆ ಅದು ಸಾಕು. ನಮ್ಮ ನಲವತ್ತೊಂಬತ್ತಕ್ಕೆ ಸಾಲದು. ಆದರೆ ಆ ಮೇಜಿನ ಸುತ್ತ ನಮ್ಮವರಾರೂ ಕುಳಿತಿರಲಿಲ್ಲ. 2013ರ ಜುಲೈಯಲ್ಲಿ ಭಾರತದಲ್ಲಿ ತಂತಿ ಸೇವೆ ನಿಲ್ಲುವವರೆಗೂ ನಮ್ಮ ಹಳ್ಳಿಗಳಿಗೆ ಬರುತ್ತಿದ್ದ ತಂತಿಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರಗಳಲ್ಲಿಯೇ ಇರುತ್ತಿದ್ದವು. ಸಾವಿನ ಸುದ್ದಿಯನ್ನು ಓದಿಸಿಕೊಳ್ಳಲು ಶಾಲೆಯ ಮೇಷ್ಟರನ್ನೋ ಸ್ವಾಮಿಗಳನ್ನೋ ಹುಡುಕಿಕೊಂಡು ಹೋಗಬೇಕಾಗಿದ್ದುದನ್ನು ಹಿರಿಯರು ಬಲ್ಲರು.

ಎರಡೇ ಚಿಹ್ನೆಗಳಿಂದ ಎಲ್ಲವನ್ನೂ ಬರೆಯಬಹುದೆಂಬ ವಿಚಾರ ತಂತಿಗಿಂತ ಹಿಂದಿನದು. ಫ್ರಾನ್ಸಿಸ್ ಬೇಕನ್ 1623ರ ತನ್ನ ಲ್ಯಾಟಿನ್ ಗ್ರಂಥವೊಂದರಲ್ಲಿ ಎರಡು ಅಕ್ಷರಗಳನ್ನು ಐದೈದಾಗಿ ಜೋಡಿಸಿ ಇಡೀ ವರ್ಣಮಾಲೆಯನ್ನು ಗುಪ್ತಲಿಪಿಯಾಗಿಸುವ ಕ್ರಮವನ್ನು ವಿವರಿಸಿದ್ದನು. ಜರ್ಮನಿಯ ತತ್ತ್ವಜ್ಞಾನಿ ಲೈಬ್ನಿಟ್ಸ್ 1697ರಲ್ಲಿ ಬ್ರನ್ಸ್‌ವಿಕ್‌ನ ಅರಸನಿಗೆ ಬರೆದ ಪತ್ರದಲ್ಲಿ ಒಂದು ಮತ್ತು ಸೊನ್ನೆಗಳಿಂದಲೇ ಎಲ್ಲ ಸಂಖ್ಯೆಗಳೂ ಹುಟ್ಟುವುದನ್ನು ಸೃಷ್ಟಿಕಾರ್ಯದ ಪ್ರತಿಮೆಯೆಂದು ಕಂಡನು: ಒಂದು ಎಂಬುದು ದೇವರು, ಸೊನ್ನೆಯೆಂಬುದು ಶೂನ್ಯ. ಚೀನಾದಲ್ಲಿದ್ದ ಯೇಸುಸಭೆಯ ಗುರು ಬೂವೆ ಅವರೊಡನೆ ಆತ ಈ ಕುರಿತು ಪತ್ರವ್ಯವಹಾರವನ್ನೂ ನಡೆಸಿದ್ದನು. ನಮ್ಮ ಜೇಬಿನಲ್ಲಿರುವ ಯಂತ್ರದ ಮೂಲಭಾಷೆಗೆ ಇಂಥದೊಂದು ಧ್ಯಾನದ ಪೂರ್ವಜನ್ಮವಿದೆಯೆಂಬುದು ಸೋಜಿಗ.

ಆ ಉಂಟು-ಇಲ್ಲಗಳ ಒಂದೊಂದು ಆಯ್ಕೆಗೆ ‘ಬಿಟ್’ ಎಂಬ ಹೆಸರನ್ನು ಸೂಚಿಸಿದವನು ಜಾನ್ ಟ್ಯೂಕಿ. ಅದನ್ನು 1948ರ ತನ್ನ ಹೆಸರಾಂತ ಪ್ರಬಂಧದಲ್ಲಿ ಬಳಸಿ ಲೋಕಕ್ಕೆ ಪರಿಚಯಿಸಿದವನು ಕ್ಲಾಡ್ ಶಾನನ್. ‘ಬೈಟ್’ ಎಂಬುದು 1956ರಲ್ಲಿ ಐಬಿಎಂ ಸಂಸ್ಥೆಯ ವರ್ನರ್ ಬುಖೋಲ್ಟ್ಸ್ ಕಟ್ಟಿದ ಪದ. ಇಂಗ್ಲಿಷಿನಲ್ಲಿ ಅದು ತುತ್ತು ಎಂಬರ್ಥದ ಶಬ್ದದಂತೆಯೇ ಕೇಳಿಸುತ್ತದೆ. ಬಿಟ್ ಎಂಬುದರೊಡನೆ ಬರಹದಲ್ಲಿ ಕಲಸಿಹೋಗದಿರಲೆಂದು ಬೇಕೆಂದೇ ಕಾಗುಣಿತವನ್ನು ಬದಲಿಸಿದರು. ಆರಂಭದಲ್ಲಿ ಒಂದು ಬೈಟಿಗೆ ಇಷ್ಟೇ ಬಿಟ್ ಎಂಬ ನಿಯಮವಿರಲಿಲ್ಲ. 1963ರಲ್ಲಿ ಅಮೆರಿಕದವರು ಮಾಡಿಕೊಂಡ ‘ಆಸ್ಕಿ’ ಸಂಕೇತಪಟ್ಟಿ ಏಳು ಬಿಟ್‌ನದು. ಅದರಲ್ಲಿ 128 ಸ್ಥಾನಗಳು. 1964ರಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಮ್ 360 ಯಂತ್ರಗಳು ಎಂಟು ಬಿಟ್‌ನ ಬೈಟನ್ನು ಹಿಡಿದವು. ಆ ಯಂತ್ರಗಳ ಪ್ರಾಬಲ್ಯದಿಂದ ಎಂಟೇ ರೂಢಿಯಾಯಿತು. ಎಂಟು ಬಿಟ್‌ನಲ್ಲಿ 256 ಬಗೆಗಳು ಸಾಧ್ಯ. ಒಂದು ಇಂಗ್ಲಿಷ್ ಅಕ್ಷರ ಒಂದು ಬೈಟಿನೊಳಗೆ ಇನ್ನೂ ಸ್ಥಳ ಉಳಿಯುವಂತೆ ಆರಾಮವಾಗಿ ಕುಳಿತಿತು. ‘ಒಂದು ಅಕ್ಷರ, ಒಂದು ಬೈಟು’ ಎಂಬ ಪಾಠ ಹುಟ್ಟಿದುದು ಇಲ್ಲಿ.

ಕಿಲೋಬೈಟಿನ ಗೊಂದಲವನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಕಿಲೋ ಎಂದರೆ ಸಾವಿರ. ಯಂತ್ರಕ್ಕೆ ಎರಡರ ಘಾತಗಳೇ ಸುಲಭವಾದುದರಿಂದ ಸಾವಿರಕ್ಕೆ ಹತ್ತಿರದ 1,024ನ್ನೂ ಕಿಲೋ ಎಂದೇ ಕರೆದರು. 1998ರ ಡಿಸೆಂಬರಿನಲ್ಲಿ ಅಂತಾರಾಷ್ಟ್ರೀಯ ವಿದ್ಯುತ್ ತಂತ್ರ ಆಯೋಗ 1,024ಕ್ಕೆ ‘ಕಿಬಿಬೈಟ್’ ಎಂಬ ಬೇರೆ ಹೆಸರನ್ನು ಕೊಟ್ಟರೂ ಬಾಯಿಗೆ ಅದು ಹತ್ತಲಿಲ್ಲ. ಅಂಗಡಿಯಲ್ಲಿ 16 ಗಿಗಾಬೈಟ್ ಎಂದು ಕೊಂಡ ಪೆನ್ ಡ್ರೈವ್ ಗಣಕದಲ್ಲಿ 14.9 ಎಂದು ತೋರುವುದು ಈ ಎರಡು ಲೆಕ್ಕಗಳ ಅಂತರದಿಂದ. ಅಂಗಡಿಯವನು ಮೋಸ ಮಾಡಿರುವುದಿಲ್ಲ. ಎಲ್ಲಕ್ಕಿಂತ ವಿಚಿತ್ರವಾದುದು 1.44 ಮೆಗಾಬೈಟಿನ ಫ್ಲಾಪಿ. ಅದರ ನಿಜವಾದ ಪ್ರಮಾಣ 1,440ನ್ನು 1,024ರಿಂದ ಗುಣಿಸಿದಷ್ಟು, ಎಂದರೆ 14,74,560 ಬೈಟು. ಅದು ಸಾವಿರದ ಲೆಕ್ಕವೂ ಅಲ್ಲ, ಸಾವಿರದ ಇಪ್ಪತ್ತನಾಲ್ಕರ ಲೆಕ್ಕವೂ ಅಲ್ಲ, ಎರಡರ ಕಲಬೆರಕೆ.

ಇನ್ನು ಕನ್ನಡ. ನಮ್ಮ 34 ವ್ಯಂಜನಗಳನ್ನು ಒಂದಕ್ಕೊಂದು ಒತ್ತಾಗಿ ಸೇರಿಸಿದರೆ 1,156 ಜೋಡಿಗಳು. ಅವಕ್ಕೆ 13 ಸ್ವರಗಳನ್ನು ಹಚ್ಚಿದರೆ 15,028. ಮೂರು ವ್ಯಂಜನಗಳ ಕೂಟಗಳು ಬೇರೆ. 256 ಸ್ಥಾನಗಳ ಬೈಟಿನಲ್ಲಿ ಇಷ್ಟು ಜನಕ್ಕೆ ಮನೆಯೆಲ್ಲಿ? ಇದಕ್ಕೆ ಎರಡು ದಾರಿಗಳು ಕಂಡವು.

ಮೊದಲನೆಯದು ಅಚ್ಚಿನ ಮೊಳೆಯ ದಾರಿ. ಅಕ್ಷರದ ಆಕೃತಿಯನ್ನು ತುಂಡರಿಸಿ, ತಲೆಕಟ್ಟು, ಗುಡಿಸು, ಕೊಂಬು, ಒತ್ತು ಎಂಬ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು ಇದ್ದ ಸ್ಥಾನಗಳಲ್ಲಿ ಕೂರಿಸುವುದು. 1998ರಲ್ಲಿ ಬಂದ ಬರಹ, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ, ಮುದ್ರಣಾಲಯಗಳ ಶ್ರೀಲಿಪಿ, ಆಕೃತಿ ಮೊದಲಾದವು ಹೀಗೆಯೇ ಕೆಲಸ ಮಾಡಿದವು. ನುಡಿಯ ಫಾಂಟಿನಲ್ಲಿ ‘ಕ್ರಿಸ್ತ’ ಎಂಬುದು ಐದೇ ಬೈಟು: ಗುಡಿಸು ಸೇರಿದ ಕಿ ಒಂದು, ರ ಒತ್ತು ಒಂದು, ಸಕಾರದ ಒಡಲು ಒಂದು, ಅದರ ತಲೆಕಟ್ಟು ಒಂದು, ತ ಒತ್ತು ಒಂದು. ಇಂಗ್ಲಿಷಿಗಿಂತ ಒಂದು ಬೈಟು ಕಡಿಮೆಯೇ! ಆದರೆ ಯಂತ್ರಕ್ಕೆ ಅದು ಕನ್ನಡವೆಂಬ ಅರಿವಿಲ್ಲ. ಕನ್ನಡದ ವೇಷ ತೊಡಿಸಿದ ಇಂಗ್ಲಿಷ್ ಚಿಹ್ನೆಗಳು ಮಾತ್ರ ಒಳಗಿವೆ. ಫಾಂಟು ಕಳಚಿದೊಡನೆ ಅರ್ಥವಿಲ್ಲದ ಚಿಹ್ನೆಗಳ ಹಿಂಡು ಎದುರಿಗೆ ಬರುತ್ತದೆ.

ಎರಡನೆಯದು ವ್ಯಾಕರಣದ ದಾರಿ. ಆಕೃತಿಯನ್ನು ಬಿಟ್ಟು ವರ್ಣವನ್ನು ಹಿಡಿಯುವುದು. ವ್ಯಂಜನಗಳಿಗೆ, ಸ್ವರಚಿಹ್ನೆಗಳಿಗೆ, ಎರಡು ವ್ಯಂಜನಗಳನ್ನು ಬೆಸೆಯುವ ಹಲಂತಕ್ಕೆ ಒಂದೊಂದು ಸಂಕೇತ ಕೊಟ್ಟರೆ ಎಷ್ಟು ಸಾವಿರ ಒತ್ತಕ್ಷರಗಳಾದರೂ ಅವುಗಳಿಂದಲೇ ಹುಟ್ಟುತ್ತವೆ. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಅಂಗೀಕರಿಸಿದ ‘ಇಸ್ಕಿ’ ಈ ದಾರಿಯದು. ನಮ್ಮ ವೈಯಾಕರಣರು ಕಟ್ಟಿಕೊಟ್ಟ ವರ್ಣಮಾಲೆಯ ಕ್ರಮವನ್ನೇ ಅದು ಅನುಸರಿಸಿತು. ಕನ್ನಡ, ಮಲಯಾಳ, ತೆಲುಗು, ದೇವನಾಗರಿ ಎಲ್ಲಕ್ಕೂ ಒಂದೇ ಪಟ್ಟಿ. ಇಲ್ಲಿ ‘ಕ್ರಿಸ್ತ’ ಎಂದರೆ ಕ, ಹಲಂತ, ರ, ಗುಡಿಸು, ಸ, ಹಲಂತ, ತ. ಏಳು ಸಂಕೇತ, ಏಳು ಬೈಟು. ನನ್ನ ದೃಷ್ಟಿಯಲ್ಲಿ ಇದು ಅತ್ಯಂತ ನ್ಯಾಯವಾದ ಲೆಕ್ಕ. ಆದರೆ ಕೊಳ್ಳುವವರ ಗಣಕಗಳಲ್ಲಿ ಅದು ಸಹಜವಾಗಿ ನೆಲೆಯೂರಲಿಲ್ಲ.

ಅದೇ 1991ರಲ್ಲಿ ಲೋಕದ ಲಿಪಿಗಳಿಗೆಲ್ಲ ಒಂದೇ ಪಟ್ಟಿಯೆಂಬ ಗುರಿಯಿಂದ ‘ಯೂನಿಕೋಡ್’ನ ಮೊದಲ ಆವೃತ್ತಿ ಹೊರಬಂತು. ಭಾರತೀಯ ಲಿಪಿಗಳಿಗೆ ಅವರು 1988ರ ಇಸ್ಕಿಯ ಕ್ರಮವನ್ನೇ ಆಧಾರವಾಗಿ ಹಿಡಿದರು. ಕನ್ನಡಕ್ಕೆ ದೊರೆತ ಸ್ಥಾನಗಳು 3,200ರಿಂದ 3,327ರ ವರೆಗೆ, ಒಟ್ಟು 128. ಇಷ್ಟು ದೊಡ್ಡ ಸಂಖ್ಯೆ ಒಂದು ಬೈಟಿನಲ್ಲಿ ಹಿಡಿಸದು. ಹಾಗಾದರೆ ಬೈಟುಗಳಲ್ಲಿ ಅದನ್ನು ಬರೆಯುವುದೆಂತು? 1992ರ ಸೆಪ್ಟೆಂಬರಿನ ಒಂದು ಸಂಜೆ ನ್ಯೂಜೆರ್ಸಿಯ ಉಪಾಹಾರ ಗೃಹವೊಂದರಲ್ಲಿ ಊಟದ ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಕೆನ್ ಥಾಂಪ್ಸನ್ ಅದಕ್ಕೊಂದು ಉಪಾಯವನ್ನು ಗೀಚಿದನೆಂದು ಆತನ ಜೊತೆಗಿದ್ದ ರಾಬ್ ಪೈಕ್ ದಾಖಲಿಸಿದ್ದಾನೆ. ಅದೇ ಯುಟಿಎಫ್-8. ಹಳೆಯ ಇಂಗ್ಲಿಷ್ ಕಡತಗಳು ಒಂದಕ್ಷರವೂ ಬದಲಾಗದೆ ಉಳಿಯಬೇಕೆಂಬುದು ಅದರ ಮುಖ್ಯ ಷರತ್ತು. ಆದುದರಿಂದ ಮೊದಲ 128 ಸಂಕೇತಗಳಿಗೆ ಒಂದು ಬೈಟು. 2,047ರ ವರೆಗಿನವಕ್ಕೆ ಎರಡು. ಅಲ್ಲಿಂದ 65,535ರ ವರೆಗೆ ಮೂರು. ಮೂರು ಬೈಟುಗಳ 24 ಬಿಟ್‌ಗಳಲ್ಲಿ ಎಂಟು ಬಿಟ್‌ಗಳು ಬರಿಯ ಗುರುತಿನ ಚೀಟಿಗಳು. ಉಳಿದ 16 ಮಾತ್ರ ನಿಜವಾದ ಸಂಖ್ಯೆಯನ್ನು ಹೊರುತ್ತವೆ.

ಗಡಿಗೆರೆ ಬಿದ್ದ ಸ್ಥಳವನ್ನು ಗಮನಿಸಿರಿ. ಹೀಬ್ರೂ, ಗ್ರೀಕ್, ಸಿರಿಯಾಕ್ ಲಿಪಿಗಳ ಸ್ಥಾನಗಳು 2,047ರ ಒಳಗೆ ಬರುವುದರಿಂದ ಪವಿತ್ರ ಗ್ರಂಥದ ಮೂಲಭಾಷೆಗಳಿಗೆ ಎರಡೆರಡು ಬೈಟು ಸಾಕು. ದೇವನಾಗರಿಯಿಂದ ಮೊದಲುಗೊಂಡು ಭಾರತದ ಲಿಪಿಗಳೆಲ್ಲ ಗಡಿಯಿಂದಾಚೆಗೆ ನಿಂತವು. ಇದು ಯಾರದೋ ದುರುದ್ದೇಶವಲ್ಲ. ಚೀನೀ ಲಿಪಿಗೂ ಮೂರೇ ಬೈಟು; ಆದರೆ ಅಲ್ಲಿ ಒಂದು ಸಂಕೇತವೇ ಹಲವು ವೇಳೆ ಒಂದು ಪದವಾಗುತ್ತದೆ. ನಮ್ಮಲ್ಲಿ ಒಂದು ಗುಡಿಸಿಗೆ ಮೂರು, ಒಂದು ಕೊಂಬಿಗೆ ಮೂರು, ಕಣ್ಣಿಗೆ ಬೀಳದ ಹಲಂತಕ್ಕೂ ಮೂರು. ‘ಕ್ರಿಸ್ತ’ದ ಏಳು ಸಂಕೇತಗಳು ಇಪ್ಪತ್ತೊಂದು ಬೈಟಾದುದು ಹೀಗೆ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸಂಕೇತ, ಹದಿನೆಂಟು ಬೈಟು. ಓಲೆಗರಿಯವನು ಒಂದೆಂದು ಎಣಿಸಿದುದನ್ನು ಯಂತ್ರ ಹದಿನೆಂಟೆಂದು ಎಣಿಸುತ್ತದೆ.

ಮೊಬೈಲಿನ ಕಿರುಸಂದೇಶದ ಕಥೆ ಇನ್ನೂ ಸ್ಪಷ್ಟ. 1985ರಲ್ಲಿ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ತಮ್ಮ ಮನೆಯಲ್ಲಿ ಬೆರಳಚ್ಚು ಯಂತ್ರದ ಮುಂದೆ ಕುಳಿತು ಮನಸ್ಸಿಗೆ ಬಂದ ವಾಕ್ಯಗಳನ್ನು ಬರೆದು, ಅಕ್ಷರ, ಚಿಹ್ನೆ, ತೆರಪುಗಳನ್ನು ಎಣಿಸುತ್ತ ಹೋದರು. ಬಹುಮಟ್ಟಿಗೆ ಎಲ್ಲವೂ 160ರೊಳಗೇ ಮುಗಿದವು. ಅಂಚೆ ಕಾರ್ಡುಗಳ ಬರಹವೂ ಸಾಮಾನ್ಯವಾಗಿ ಅದರೊಳಗೇ ಇತ್ತು. ಹೀಗೆ 160 ಎಂಬ ಮಿತಿ ನೆಲೆಗೊಂಡಿತು. ಅದರ ಒಡಲು 140 ಬೈಟು, ಅಂದರೆ 1,120 ಬಿಟ್. ಏಳು ಬಿಟ್‌ನ ಅಕ್ಷರವಾದರೆ 160 ಹಿಡಿಸುತ್ತದೆ. ಕನ್ನಡಕ್ಕೆ ಅಲ್ಲಿ ಹದಿನಾರು ಬಿಟ್‌ನ ಸಂಕೇತ ಬೇಕು. ಆಗ ಹಿಡಿಸುವುದು 70 ಮಾತ್ರ. ಒಂದು ಸಂಕೇತ ಹೆಚ್ಚಾದರೂ ಸಂದೇಶ ತುಂಡಾಗುತ್ತದೆ. ತುಂಡುಗಳನ್ನು ಜೋಡಿಸುವ ಗುರುತಿಗೆ ಆರು ಬೈಟು ಹೋಗಿ ಪ್ರತಿ ತುಂಡಿಗೆ 67 ಉಳಿಯುತ್ತದೆ. 150 ಸಂಕೇತಗಳ ಸೂಚನೆ ಇಂಗ್ಲಿಷಿನಲ್ಲಿ ಒಂದು ಸಂದೇಶ, ಕನ್ನಡದಲ್ಲಿ ಮೂರು. ಸಾವಿರಾರು ಜನರಿಗೆ ಸೂಚನೆ ಕಳುಹಿಸುವವರು ತುಂಡಿನ ಲೆಕ್ಕದಲ್ಲಿ ಹಣ ತೆರುವುದರಿಂದ ಕನ್ನಡವನ್ನು ಬಿಟ್ಟು ಇಂಗ್ಲಿಷಿಗೆ ಜಾರಲು ಇದೂ ಒಂದು ನೆಪವಾಗುತ್ತದೆ.

1992ರ ಡಿಸೆಂಬರ್ 3ರಂದು ಬ್ರಿಟನ್ನಿನಲ್ಲಿ ನೀಲ್ ಪ್ಯಾಪ್‌ವರ್ತ್ ಕಳುಹಿಸಿದ ಜಗತ್ತಿನ ಮೊದಲ ಕಿರುಸಂದೇಶ ಕ್ರಿಸ್ಮಸ್ ಹಾರೈಕೆಯಾಗಿತ್ತು: ಇಂಗ್ಲಿಷಿನ ಎರಡೇ ಪದ, ತೆರಪು ಸೇರಿ 15 ಸ್ಥಾನ, 105 ಬಿಟ್. ನಮ್ಮ ‘ಕ್ರಿಸ್ಮಸ್ ಶುಭಾಶಯಗಳು’ ಎಂಬುದರಲ್ಲಿ 18 ಸಂಕೇತ ಮತ್ತು ಒಂದು ತೆರಪು. ಕಿರುಸಂದೇಶದಲ್ಲಿ ಅದು 304 ಬಿಟ್. ಯುಟಿಎಫ್-8ರ ಕಡತದಲ್ಲಿ 55 ಬೈಟು. ಬಾಯಲ್ಲಿ ಹೇಳಿದರೆ ಒಂಬತ್ತೇ ಅಕ್ಷರ.

ಈ ಉದಾಹರಣೆಯೇ ಮನೆಯ ಲೆಕ್ಕಕ್ಕೊಂದು ಸೂತ್ರವನ್ನು ಕೊಡುತ್ತದೆ. ಒಂಬತ್ತು ಅಕ್ಷರಕ್ಕೆ ಹದಿನೆಂಟು ಸಂಕೇತವೆಂದರೆ ಅಕ್ಷರಕ್ಕೆ ಎರಡು; ಸಂಕೇತಕ್ಕೆ ಮೂರು ಬೈಟಿನಂತೆ ಅಕ್ಷರಕ್ಕೆ ಸರಿಸುಮಾರು ಆರು ಬೈಟು. ಇದು ಒರಟು ಲೆಕ್ಕ, ಆದರೆ ಅಂದಾಜಿಗೆ ಸಾಕು. ಪುಟಕ್ಕೆ 30 ಸಾಲು, ಸಾಲಿಗೆ 25 ಅಕ್ಷರವೆಂದರೆ ಪುಟವೊಂದಕ್ಕೆ 4,500 ಬೈಟು. 300 ಪುಟದ ಕನ್ನಡ ಪುಸ್ತಕ ಹದಿಮೂರೂವರೆ ಲಕ್ಷ ಬೈಟು, ಹೆಚ್ಚುಕಡಿಮೆ ಒಂದು ಫ್ಲಾಪಿ. ಆಂಗ್ಲ ಬೈಬಲಿನಲ್ಲಿ 35,66,480 ಅಕ್ಷರಗಳಿವೆಯೆಂಬ ಎಣಿಕೆ ಹಳೆಯ ಪುಸ್ತಕಗಳಲ್ಲಿ ಪದೇ ಪದೇ ಅಚ್ಚಾಗಿದೆ. ಪದಗಳ ನಡುವಿನ ತೆರಪು ಸುಮಾರು ಏಳೂಮುಕ್ಕಾಲು ಲಕ್ಷ ಸೇರಿಸಿದರೆ ಅದು ಸುಮಾರು ಮೂರು ಫ್ಲಾಪಿಯ ಸರಕು. ಇನ್ನು ಮೂಡುಬಿದಿರೆಯ ‘ಧವಳಾ’: 72,000ವನ್ನು 32ರಿಂದ ಗುಣಿಸಿದರೆ 23,04,000 ಅಕ್ಷರ, ಆರರಿಂದ ಗುಣಿಸಿದರೆ 1,38,24,000 ಬೈಟು. ಒಂಬತ್ತು ಫ್ಲಾಪಿ ತುಂಬಿ ಹತ್ತನೆಯದಕ್ಕೆ ಕೈಹಚ್ಚಬೇಕು. ಇಂದಿನ ಮೊಬೈಲಿನಲ್ಲಿ ತೆಗೆದ ನಾಲ್ಕೈದು ಛಾಯಾಚಿತ್ರಗಳ ಗಾತ್ರ ಅಷ್ಟೇ. ಶತಮಾನಗಳ ಕಾಲ ಬಸದಿಯ ಕತ್ತಲಲ್ಲಿ ಕಾದಿಟ್ಟ ವಿದ್ಯೆಯೂ, ಊಟದ ಮೇಜಿನ ನಾಲ್ಕೈದು ಚಿತ್ರಗಳೂ ಬೈಟಿನ ತಕ್ಕಡಿಯಲ್ಲಿ ಸಮತೂಗುತ್ತವೆ.

ಆದುದರಿಂದ ಸ್ಥಳದ ಕೊರತೆಯೆಂಬ ದೂರು ಇಂದು ಹೆಚ್ಚು ಉಳಿದಿಲ್ಲ. ಕನ್ನಡದ ಪ್ರತಿ ಸಂಕೇತದ ಮೊದಲ ಎರಡು ಬೈಟುಗಳು ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಕಡತಗಳನ್ನು ಕುಗ್ಗಿಸುವ ತಂತ್ರಾಂಶಗಳು ಆ ಹೊರೆಯನ್ನು ಬಹಳಷ್ಟು ಇಳಿಸಿಬಿಡುತ್ತವೆ. ಆದರೆ ಬೈಟನ್ನೇ ಅಳತೆಯಾಗಿ ಹಿಡಿದಲ್ಲೆಲ್ಲ ತಾರತಮ್ಯ ಮತ್ತೆ ತಲೆಯೆತ್ತುತ್ತದೆ. ಅರ್ಜಿಯ ನಮೂನೆಯೊಂದರಲ್ಲಿ ಹೆಸರಿಗೆ 30 ಬೈಟು ಮೀಸಲಿಟ್ಟರೆ ಕನ್ನಡದ ಹೆಸರು ಹತ್ತು ಸಂಕೇತಕ್ಕೇ ಕತ್ತರಿಸಿಹೋಗುತ್ತದೆ. ಪ್ರಶ್ನೆಗಳಿಗೆ ಉತ್ತರ ಹೇಳುವ ಹೊಸ ಯಂತ್ರಗಳು ಬರಹವನ್ನು ತುಂಡುಗಳಾಗಿ ಕತ್ತರಿಸಿ, ತುಂಡಿನ ಲೆಕ್ಕದಲ್ಲಿ ಶುಲ್ಕ ವಿಧಿಸುವುದುಂಟು. ಅವುಗಳಲ್ಲಿ ಕೆಲವು ಭಾರತೀಯ ಭಾಷೆಗಳನ್ನು ಇಂಗ್ಲಿಷಿಗಿಂತ ಹಲವು ಪಟ್ಟು ಹೆಚ್ಚು ತುಂಡುಗಳಾಗಿ ಒಡೆಯುತ್ತವೆಂದು 2023ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. 1874ರ ಐದು ಮಿಡಿತಗಳ ನೆರಳು ಇಷ್ಟು ದೂರ ಚಾಚಿದೆ.

ಬೈಟಿನ ಭಾರಕ್ಕೆ ಬದಲಾಗಿ ಯೂನಿಕೋಡ್ ನಮಗೆ ಕೊಟ್ಟುದೇನೆಂಬುದನ್ನೂ ಹೇಳಬೇಕು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಎಂಬ ಕನ್ನಡ ಫಾಂಟು ಬಂದುದು ಮೊದಲುಗೊಂಡು, ಒಂದೂರಿನಲ್ಲಿ ಬರೆದ ಕನ್ನಡ ಇನ್ನೊಂದೂರಿನಲ್ಲಿ, ಇನ್ನೊಂದು ದೇಶದಲ್ಲಿ, ಹಾಗೆಯೇ ತೆರೆಯತೊಡಗಿತು. ಹುಡುಕಿದರೆ ಸಿಗುತ್ತದೆ, ಅಕಾರಾದಿಯಾಗಿ ಜೋಡಿಸಿದರೆ ಜೋಡಿಸಿಕೊಳ್ಳುತ್ತದೆ. ಇಪ್ಪತ್ತೊಂದು ಬೈಟಿನ ‘ಕ್ರಿಸ್ತ’ ತಾನು ಕನ್ನಡವೆಂದು ತಾನೇ ಬಲ್ಲದು. ಐದು ಬೈಟಿನ ‘ಕ್ರಿಸ್ತ’ ತನ್ನ ಫಾಂಟು ಎಲ್ಲಿದೆಯೆಂದು ಹುಡುಕುತ್ತ ಅನಾಥವಾಗಿ ನಿಲ್ಲುತ್ತದೆ.

ನಮ್ಮ ಧರ್ಮಕೇಂದ್ರಗಳ ಕಪಾಟುಗಳಲ್ಲಿ ಇಂಥ ಅನಾಥರು ಬಹಳ ಮಂದಿ ಇರಬಹುದು. 1990ರ ದಶಕದ ಕೊನೆಯಿಂದ ಹತ್ತು ಹದಿನೈದು ವರ್ಷಗಳ ಕಾಲ ಬೆರಳಚ್ಚಾದ ಸ್ಮರಣ ಸಂಚಿಕೆಗಳು, ಹಬ್ಬದ ಆರಾಧನಾ ಕ್ರಮಗಳು, ಗಾಯನ ತಂಡದ ಪುಸ್ತಕಗಳು, ಜ್ಞಾನಸ್ನಾನದ ದಾಖಲೆಗಳ ಪಟ್ಟಿಗಳು ಸಿಡಿಗಳಲ್ಲಿ, ಹಳೆಯ ಗಣಕಗಳಲ್ಲಿ ಎಂಟು ಬಿಟ್‌ನ ಫಾಂಟುಗಳ ಆಶ್ರಯದಲ್ಲಿ ಮಲಗಿವೆ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಪ್ರತಿ ಪುಟಕ್ಕೆ ಕೆಲವು ನಿಮಿಷಗಳ ಕೆಲಸ. ಆದರೆ ಪರಿವರ್ತಕಕ್ಕೆ ಮೂಲ ಫಾಂಟಿನ ಹೆಸರನ್ನು ಹೇಳಲೇಬೇಕು. ಒಂದೊಂದು ಫಾಂಟಿನಲ್ಲಿ ಚೂರುಗಳ ಸ್ಥಾನ ಒಂದೊಂದು ಬಗೆ. ಶ್ರೀಲಿಪಿಯದನ್ನು ನುಡಿಯದೆಂದು ಹೇಳಿ ಪರಿವರ್ತಿಸಿದರೆ ಬರುವುದು ಮತ್ತೊಂದು ಬಗೆಯ ಗೋಜಲು. ಆ ಹೆಸರು ಗೊತ್ತಿರುವುದು ಅಂದು ಬೆರಳಚ್ಚು ಮಾಡಿದವರಿಗೆ. ಪರಿವರ್ತಿಸಿದ ಮೇಲೆ ಮುದ್ರಿತ ಪ್ರತಿಯನ್ನು ಎದುರಿಗಿಟ್ಟುಕೊಂಡು ಒತ್ತುಗಳನ್ನೂ ಅರ್ಕಾವತ್ತುಗಳನ್ನೂ ಒಂದೊಂದಾಗಿ ಸರಿನೋಡಬೇಕು. ಯಂತ್ರ ಎಡವುವುದು ಹೆಚ್ಚಾಗಿ ಅಲ್ಲಿಯೇ.